ಐಸಾಯಾ ಮಾಂಟ್ಗೊಮೆರಿ ಹಾಕಿದ ಮತ

ನಮಸ್ಕಾರ ಕೇಳುಗರೇ.

ಇವತ್ತು ಐಸಾಯಾ ಮಾಂಟ್ಗೊಮೆರಿ ಅವರ ವಿಷಯ ಹೇಳುತ್ತೇನೆ. ಇವರ ಬದುಕು ಓದುವಾಗ ಹೆಮ್ಮೆ ಆಗುತ್ತದೆ. ಒಂದು ಕಡೆ ಬಂದಾಗ ಮಾತ್ರ ಎದೆ ಭಾರವಾಗುತ್ತದೆ.

ಅವರು ಹುಟ್ಟಿದ್ದು 1847ರಲ್ಲಿ, ಅಮೆರಿಕದ ಮಿಸಿಸಿಪಿ ರಾಜ್ಯದ ಡೇವಿಸ್ ಬೆಂಡ್‌ನಲ್ಲಿ. ಹೊಳೆ ಬಳಸಿಕೊಂಡು ಹೋಗುವ ಜಾಗ, ಸುತ್ತ ಹತ್ತಿ ಹೊಲ. ಒಡೆಯ ಜೋಸೆಫ್ ಡೇವಿಸ್. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಅವನ ತಮ್ಮ. ಐಸಾಯಾ, ಅಪ್ಪ ಬೆಂಜಮಿನ್, ಮನೆಮಂದಿಯೆಲ್ಲ ಕಪ್ಪು ಜನ, ಈ ಒಡೆಯನ ಸೊತ್ತು.

ಬೆಂಜಮಿನ್ ಅಸಾಧ್ಯ ಜಾಣರು. ಓದುಬರಹ ಬಲ್ಲವರು, ಅಂಗಡಿ ನಡೆಸುತ್ತಿದ್ದವರು. ಆಳವಿಲ್ಲದ ನೀರಲ್ಲೂ ಹಬೆದೋಣಿ ಸಾಗಲೆಂದು ಹೊಸ ಬಗೆಯ ಪ್ರೊಪೆಲರ್ ಮಾಡಿದರು. ಪೇಟೆಂಟ್ ಸಿಗಲಿಲ್ಲ. ಗುಲಾಮ ದೇಶದ ಪ್ರಜೆಯಲ್ಲ ಎಂಬುದೇ ಕಾರಣ.

ಯುದ್ಧ ಮುಗಿದು ಬಿಡುಗಡೆ ಸಿಕ್ಕಿತು. 1866ರಲ್ಲಿ ಒಡೆಯ ಅದೇ ಹೊಲಗಳನ್ನು ಬೆಂಜಮಿನ್‌ಗೆ 3 ಲಕ್ಷ ಡಾಲರಿಗೆ ಸಾಲದ ಮೇಲೆ ಮಾರಿದ. ಮರುವರ್ಷವೇ ಪ್ರವಾಹ. ಆದರೂ ಅಪ್ಪ ಮಕ್ಕಳು ಬಿಡಲಿಲ್ಲ. ಆ ರಾಜ್ಯದ ದೊಡ್ಡ ಹತ್ತಿ ಬೆಳೆಗಾರರ ಸಾಲಿಗೆ ಬಂದರು. ಆಮೇಲೆ ಹತ್ತಿ ಬೆಲೆ ಬಿತ್ತು, ಸಾಲ ಬೆಳೆಯಿತು. 1877ರಲ್ಲಿ ಬೆಂಜಮಿನ್ ತೀರಿಕೊಂಡರು. ಸ್ವಲ್ಪ ವರ್ಷದಲ್ಲೇ ಹೊಲಗಳೆಲ್ಲ ಮತ್ತೆ ಡೇವಿಸ್ ಮನೆತನದ ಪಾಲಾದವು. ಬೆವರು ಸುರಿಸಿ ಕಟ್ಟಿದ್ದು ಕಣ್ಣೆದುರೇ ಹೋಗುವುದು ಎಂಥ ನೋವು, ಅಲ್ವಾ?

ಐಸಾಯಾ ಸುಮ್ನೆ ಕೂರಲಿಲ್ಲ. 1887ರಲ್ಲಿ ದಾಯಾದಿ ಬೆಂಜಮಿನ್ ಗ್ರೀನ್ ಜೊತೆ ರೈಲು ದಾರಿ ಪಕ್ಕದ ಕಾಡು ಕೊಂಡರು. ಜವುಗು ನೆಲ, ದಟ್ಟ ಮರಗಳು. ಮರ ಕಡಿದು ಮಾರಿದರು. ಮರ ಕೊಯ್ಯುವ ಗಿರಣಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್, ಅಂಗಡಿ ಬಂದವು. ಊರಿಗೆ ಮೌಂಡ್ ಬಾಯೂ ಎಂದು ಹೆಸರಾಯಿತು. ಕೊಳ್ಳುವವರು, ಮಾರುವವರು, ಆಳುವವರು ಎಲ್ಲರೂ ಕಪ್ಪು ಜನರೇ. ಬಿಳಿಯರು ಎದುರು ಬಂದರೆ ತಲೆ ತಗ್ಗಿಸಿ ದಾರಿ ಬಿಡಬೇಕಿದ್ದ ಕಾಲದಲ್ಲಿ ಇಂಥ ಊರು! ನನಗಂತೂ ಇದು ದೊಡ್ಡ ಸಾಹಸವೇ.

ಇನ್ನು ಆ ಮತದ ವಿಷಯ. 1890ರಲ್ಲಿ ಮಿಸಿಸಿಪಿಗೆ ಹೊಸ ಸಂವಿಧಾನ ಬರೆಯಲು ರಾಜಧಾನಿ ಜಾಕ್ಸನ್‌ನಲ್ಲಿ 134 ಮಂದಿ ಸೇರಿದರು. ರಾಜ್ಯದಲ್ಲಿ ಕಪ್ಪು ಜನರೇ ಜಾಸ್ತಿ. ಸಭೆಯಲ್ಲಿ ಮಾತ್ರ ಐಸಾಯಾ ಒಬ್ಬರೇ. ಕಪ್ಪು ಜನರ ಮತ ಕಿತ್ತುಕೊಳ್ಳುವುದೇ ಸಭೆಯ ಉದ್ದೇಶ. ಮತ ಹಾಕಬೇಕಾದರೆ 2 ಡಾಲರ್ ತೆರಿಗೆ ಕಟ್ಟಬೇಕು. ಸಂವಿಧಾನದ ಒಂದು ಭಾಗ ಓದಬೇಕು, ಇಲ್ಲವೇ ಓದಿ ಹೇಳಿದಾಗ ಅರ್ಥ ಹೇಳಬೇಕು. ಸರಿಯೋ ತಪ್ಪೋ ತೀರ್ಮಾನಿಸುವವನು ಬಿಳಿಯ ಅಧಿಕಾರಿ.

ಐಸಾಯಾ ಎದ್ದು ನಿಂತು ಇದಕ್ಕೆ ಒಪ್ಪಿಗೆ ಕೊಟ್ಟರು.

ಇದರಿಂದ ಎಷ್ಟು ಜನ ಮತ ಕಳೆದುಕೊಳ್ಳುತ್ತಾರೆಂಬ ಲೆಕ್ಕ ಅವರಿಗೆ ಗೊತ್ತಿತ್ತು. ಇಷ್ಟು ಬಿಟ್ಟುಕೊಟ್ಟರೆ ಕೊಲೆ, ಸುಲಿಗೆ ನಿಲ್ಲಬಹುದು ಎಂದು ನಂಬಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಕಪ್ಪು ಜನರ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ ಅದನ್ನು ಕಟುವಾಗಿ ಖಂಡಿಸಿದರು. ಒಮ್ಮೆ ಎಲ್ಲವನ್ನೂ ಕಳೆದುಕೊಂಡ ಮನುಷ್ಯ ಮೂರು ವರ್ಷದ ಎಳೆ ಊರನ್ನು ಕಾಪಾಡಲು ಹೊರಟಿದ್ದರು ಎಂದು ನನಗೆ ಅನಿಸುತ್ತದೆ. ಆದರೆ ಆ ಮತಗಳು ಅವರೊಬ್ಬರ ಸ್ವತ್ತಾಗಿರಲಿಲ್ಲ. ಬಿಟ್ಟುಕೊಡುವ ಹಕ್ಕು ಅವರಿಗಿರಲಿಲ್ಲ.

ಅವರು 1924ರಲ್ಲಿ ತಮ್ಮ ಊರಲ್ಲೇ ತೀರಿಕೊಂಡರು.

1955ರಲ್ಲಿ ಅದೇ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು. ವಿಚಾರಣೆಗೆ ಬಂದ ತಾಯಿಗೆ, ಸಾಕ್ಷಿ ಹೇಳಲು ಧೈರ್ಯ ಮಾಡಿದ ಕಪ್ಪು ಜನರಿಗೆ ಆಸರೆ ಕೊಟ್ಟಿದ್ದು ಮೌಂಡ್ ಬಾಯೂ. ಹಗಲು ನ್ಯಾಯಾಲಯಕ್ಕೆ ಹೋಗಿ, ರಾತ್ರಿ ಈ ಊರಿಗೆ ಬಂದು ಮಲಗುತ್ತಿದ್ದರು. ಆದರೆ ಜ್ಯೂರಿಯನ್ನು, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡವನ್ನು, ಆರಿಸುತ್ತಿದ್ದದ್ದು ಆ ಜಿಲ್ಲೆಯ ಮತದಾರರ ಪಟ್ಟಿಯಿಂದ. ಆ ಪಟ್ಟಿಯಲ್ಲಿ ಒಬ್ಬ ಕಪ್ಪು ಮನುಷ್ಯನ ಹೆಸರೂ ಇರಲಿಲ್ಲ. ಹನ್ನೆರಡು ಮಂದಿ ಬಿಳಿಯರು ಒಂದು ಗಂಟೆ ಚಿಲ್ಲರೆಯಲ್ಲಿ ಆರೋಪಿಗಳನ್ನು ಬಿಟ್ಟು ಕಳಿಸಿದರು.

ನಮಸ್ಕಾರ.