ಮಾರ್ಚ್ ಮ್ಯಾರಥಾನಿಗೆ ಊರಿನ ಜಂಬ ಕೆಲಸಕ್ಕೆ ಬರುವುದಿಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡುವ ಮೂಡ್‌ನಲ್ಲಿದ್ದೇನೆ. ಯಾರ ಜೊತೆ ಅಂದರೆ, ನಮ್ಮ ಕಲಬುರಗಿಯ ಓಟಗಾರರ ಜೊತೆಗೇ.

ಮಾರ್ಚ್‌ನಲ್ಲಿ ಮ್ಯಾರಥಾನ್ ಓಡುತ್ತೀರಿ, ಬಿಸಿಲು ಜಾಸ್ತಿ ಇರುತ್ತದೆ, ಹುಷಾರು ಅಂತ ಯಾರಿಗಾದರೂ ಹೇಳಿ ನೋಡಿ. ಉತ್ತರ ಸಿದ್ಧ ಇರುತ್ತದೆ. "ಏ ಬಿಡ್ರಿ ಅಣ್ಣಾ, ನಾವು ಬಿಸಲಾಗೇ ಹುಟ್ಟಿ ಬೆಳದವರು. ನಮಗೇನಾಗ್ತದ?" ಹೇಳುವವರ ಮುಖದಲ್ಲಿ ಒಂಥರಾ ಹೆಮ್ಮೆ. ಬೆಂಗಳೂರಿನವರು 34 ಡಿಗ್ರಿಗೆ ಅಯ್ಯೋ ಅಂತ ಒದ್ದಾಡಿದರೆ ನಮಗೆ ನಗು. ಮೇ ತಿಂಗಳಲ್ಲಿ 42, 43 ನೋಡಿದವರು ನಾವು.

ಆ ಹೆಮ್ಮೆ ಕಟ್ಟೆ ಮೇಲೆ ಕೂತು ಮಾತಾಡುವಾಗ ಚೆನ್ನಾಗಿರುತ್ತದೆ. 42 ಕಿಲೋಮೀಟರ್ ಓಡುವಾಗ ಅದು ಆಸ್ಪತ್ರೆ ತೋರಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೇಳಿ.

ನಮ್ಮೂರಲ್ಲಿ ಮ್ಯಾರಥಾನಿಗೆ ತಯಾರಿ ಮಾಡುವವರು ಯಾರು? ಅಂಗಡಿಯವರು, ಬ್ಯಾಂಕಿನವರು, ಮೇಷ್ಟ್ರು, ಕಾಲೇಜು ಹುಡುಗರು. ದೀಪಾವಳಿ ಮುಗಿದ ಮೇಲೆ ಶುರು ಮಾಡುತ್ತಾರೆ. ಬೆಳಗ್ಗೆ 5ಕ್ಕೆ ಅಪ್ಪನ ಕೆರೆ ಹತ್ತಿರ ಸೇರುತ್ತಾರೆ. ಭಾನುವಾರ ಲಾಂಗ್ ರನ್, ಸೇಡಂ ರೋಡ್ ಹಿಡಿದು ಬುದ್ಧ ವಿಹಾರದ ಕಡೆಗೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲೂ 15-16 ಡಿಗ್ರಿಗೆ ಇಳಿಯುತ್ತದೆ. ಕೆಲವರು ಮೊದಲ ಎರಡು ಕಿಲೋಮೀಟರ್ ಸ್ವೆಟರ್ ಹಾಕಿಕೊಂಡೇ ಓಡುತ್ತಾರೆ. ಬಿಸಿಲು ಏರುವಷ್ಟರಲ್ಲಿ ಮನೆಗೆ ಬಂದು, ಸ್ನಾನ ಮಾಡಿ, ಇಡೀ ದಿನ ಫ್ಯಾನ್ ಕೆಳಗೆ. ಅಂದರೆ ನಾಲ್ಕು ತಿಂಗಳು ಇವರ ಮೈ ಬಿಸಿಲಲ್ಲಿ ಓಡಿಯೇ ಇಲ್ಲ.

ದೇಹ ನಿಮ್ಮ ಆಧಾರ್ ಕಾರ್ಡಿನ ವಿಳಾಸ ನೋಡುವುದಿಲ್ಲ ಸ್ವಾಮಿ. ಕಳೆದ ಎರಡು ವಾರ ಎಷ್ಟು ಬಿಸಿಲಲ್ಲಿ ದುಡಿದಿದ್ದೀರಿ ಅನ್ನುವುದು ಅದಕ್ಕೆ ಮುಖ್ಯ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಬಿಸಿಲು ಬಿಟ್ಟು ಮೂರು ನಾಲ್ಕು ವಾರ ಕೂತರೆ ಇದೆಲ್ಲ ಹೆಚ್ಚುಕಡಿಮೆ ಅಳಿಸಿ ಹೋಗುತ್ತದೆ. ಹೋದ ವರ್ಷದ ಮೇ ತಿಂಗಳ ಬಿಸಿಲು ಈ ಮಾರ್ಚಿಗೆ ಉಪಯೋಗಕ್ಕೆ ಬರುವುದಿಲ್ಲ. ತೊಗರಿ ರಾಶಿ ಮಾಡಿ ಬಂದ ರೈತನಿಗೆ, ರಸ್ತೆ ಕೆಲಸದ ಹೆಣ್ಣುಮಗಳಿಗೆ ಆ ರೂಢಿ ಇರಬಹುದು. ಅವರೇ ನಿಜವಾಗಿ 'ಬಿಸಿಲಿನವರು'. ನೀವು, ನಾನು, ನೆರಳಿನವರು.

ಲಂಡನ್ ಉದಾಹರಣೆ ತಗೊಳ್ಳಿ. 2018ರ ಏಪ್ರಿಲ್ ಮ್ಯಾರಥಾನ್ ದಿನ ಅಲ್ಲಿ 24.1 ಡಿಗ್ರಿ. ಆ ಓಟದ ಇತಿಹಾಸದಲ್ಲೇ ಅದು ಅತಿ ಬಿಸಿಯ ದಿನ. 24 ಡಿಗ್ರಿ ಅಂದರೆ ನಮಗೆ ಶಾಲು ಹುಡುಕುವ ಹವೆ, ಅಲ್ವಾ? ಆದರೆ ಅಲ್ಲಿನ ಜನ ಒದ್ದಾಡಿಬಿಟ್ಟರು. ಕೆಲವು ಕಡೆ ಕುಡಿಯುವ ನೀರು ಖಾಲಿಯಾಯಿತು. ಕಾರಣ ಸರಳ. ಆ ವರ್ಷ ಮಾರ್ಚ್‌ನಲ್ಲೂ ಬ್ರಿಟನ್‌ನಲ್ಲಿ ಹಿಮ ಬಿದ್ದಿತ್ತು. ಅವರೆಲ್ಲ ಹಿಮದಲ್ಲಿ ತಯಾರಾಗಿ ಬಂದವರು. ಓಟಗಾರನನ್ನು ಕೆಡವುವುದು ಹವೆ ಒಮ್ಮೆಲೇ ಜಿಗಿಯುವುದು. ಈಗ ನಮ್ಮ ಲೆಕ್ಕ ಹಾಕಿ. ಜನವರಿ ಬೆಳಗಿನ 16 ಡಿಗ್ರಿಯಲ್ಲಿ ತಯಾರಿ, ಮಾರ್ಚ್‌ನ ಬೆಳಗ್ಗೆ 11ಕ್ಕೆ 34-35ರಲ್ಲಿ ಓಟದ ಕೊನೆ. ನಮ್ಮದೂ ಹೆಚ್ಚುಕಡಿಮೆ ಲಂಡನ್ನಿನವರಷ್ಟೇ ದೊಡ್ಡ ಜಿಗಿತ!

ಇನ್ನು ನಮ್ಮ ಬಿಸಿಲಿಗೆ ಒಂದು ವಿಶೇಷ ಗುಣ ಇದೆ. ಅದು ಒಣ ಬಿಸಿಲು. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ, ನಮ್ಮಲ್ಲಿ ಮನೆಮನೆಯಲ್ಲಿ ಕೂಲರ್ ಕೆಳಗಿಳಿಯುತ್ತದೆ. ಧೂಳು ಒರೆಸಿ, ಹೊಸ ಹುಲ್ಲು ಹಾಕಿಸಿ, ನೀರು ತುಂಬಿದರೆ ತಣ್ಣಗಿನ ಗಾಳಿ. ಇದೇ ಕೂಲರ್ ಮಂಗಳೂರಿಗೆ ಒಯ್ದರೆ ದಂಡ, ಅಲ್ಲಿನ ಗಾಳಿಯಲ್ಲೇ ನೀರಿದೆ. ನಮ್ಮ ಮೈ ಕೂಡ ಕೂಲರೇ. ಬೆವರು ಒಣಗಿದರೆ ಮೈ ತಂಪು. 60 ಕಿಲೋ ತೂಕದವರು ಪೂರ್ತಿ ಮ್ಯಾರಥಾನ್ ಓಡಿದರೆ ಸುಮಾರು 2,500 ಕ್ಯಾಲೊರಿ ಖರ್ಚಾಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬರೀ ಶಾಖ. ಒಂದು ಲೀಟರ್ ಬೆವರು ಒಣಗಿದರೆ ಸುಮಾರು 580 ಕ್ಯಾಲೊರಿ ಶಾಖ ಹೋಗುತ್ತದೆ. ಎಲ್ಲವನ್ನೂ ಬೆವರಿನಿಂದಲೇ ಕಳೆಯಬೇಕಾದರೆ 3 ಲೀಟರಿಗೂ ಜಾಸ್ತಿ ಬೇಕು. ಅದು ಒಳಗಿನ ಶಾಖ ಮಾತ್ರ, ಮೇಲಿನ ಸೂರ್ಯನ ಲೆಕ್ಕ ಬೇರೆ. ಕೂಲರಿನಲ್ಲಿ ನೀರು ಮುಗಿದರೆ ಏನಾಗುತ್ತದೆ ಅಂತ ಕಲಬುರಗಿಯವರಿಗೆ ಹೇಳಿಕೊಡಬೇಕಾ?

ಮೋಸ ಎಲ್ಲಿದೆ ಅಂದರೆ, ಒಣ ಹವೆಯಲ್ಲಿ ಬೆವರು ಕಾಣುವುದೇ ಇಲ್ಲ. ಮುಂಬೈನಲ್ಲಿ ಓಡಿದರೆ ಬನಿಯನ್ ಹಿಂಡಬಹುದು. ಇಲ್ಲಿ ಬಂದದ್ದು ಬಂದ ಹಾಗೇ ಆರಿಹೋಗುತ್ತದೆ. "ನನಗೆ ಬೆವರೇ ಬಂದಿಲ್ಲ ನೋಡ್ರಿ" ಅನ್ನುವವನ ಕಪ್ಪು ಟೋಪಿ ತೆಗೆದು ನೋಡಿ. ಅಂಚಿನಲ್ಲಿ ಬಿಳಿ ಗೆರೆ, ಅದರ ಮೇಲೆ ಇನ್ನೊಂದು ಗೆರೆ. ಕಿವಿಯ ಹತ್ತಿರ ಬೆರಳಾಡಿಸಿದರೆ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಅಷ್ಟೂ ಅವನ ಮೈಯಿಂದ ಬಂದದ್ದು.

ಹಾಗಂತ ಗಟಗಟ ನೀರು ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಮುಗಿಸಿದವರ ರಕ್ತ ಪರೀಕ್ಷೆ ಮಾಡಿದಾಗ 13 ಪರ್ಸೆಂಟ್ ಜನರಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಓಡುತ್ತಾ ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಇದು ಹೆಚ್ಚು ಕಂಡಿತು. ನೀರಡಿಕೆ ಆದಾಗ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಓಆರ್‌ಎಸ್ ಯಾವುದಾದರೂ ಸರಿ, ಆದರೆ ಲಾಂಗ್ ರನ್‌ನಲ್ಲಿ ಮೊದಲೇ ಕುಡಿದು ಹೊಟ್ಟೆಗೆ ರೂಢಿ ಮಾಡಿಸಿ. ಓಆರ್‌ಎಸ್ ದೊಡ್ಡ ಪಾಕೀಟು ಒಂದು ಲೀಟರ್ ನೀರಿಗೆ ಅಳತೆ. ನಮ್ಮವರು ಅದನ್ನು ಒಂದೇ ಲೋಟಕ್ಕೆ ಸುರಿದು, ಕದಡಿ, ಮುಖ ಕಿವುಚಿ ಕುಡಿಯುತ್ತಾರೆ. ಆಮೇಲೆ ಹೊಟ್ಟೆ ತೊಳಸಿತು ಅಂತ ದೂರು.

ತಯಾರಿ ಬಗ್ಗೆ ನಾನು ಹೇಳುವುದು ಇಷ್ಟೇ. ಓಟಕ್ಕೆ ಎರಡು ವಾರ ಇದ್ದಾಗಿನಿಂದ ಬೆಳಗ್ಗೆ 5 ಗಂಟೆಯ ಓಟವನ್ನು ನಿಧಾನಕ್ಕೆ 7ಕ್ಕೆ, 8ಕ್ಕೆ ತಳ್ಳಿ. ದಿನಕ್ಕೆ ಒಂದು ಗಂಟೆ ಬಿಸಿಲಲ್ಲಿ ಸುಮ್ನೆ ಹಗುರವಾಗಿ ಓಡಿ. ವೇಗ ಬೇಡ. ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಮತ್ತೆ ಓಟದ ದಿನ ಕೈಗಡಿಯಾರದ ಗುಲಾಮರಾಗಬೇಡಿ. ಬಿಸಿಲಲ್ಲಿ ರಕ್ತ ಕಾಲಿಗೂ ಬೇಕು, ತಂಪಾಗಲು ಚರ್ಮಕ್ಕೂ ಬೇಕು. ಅದೇ ವೇಗಕ್ಕೆ ಎದೆಬಡಿತ ಏರುತ್ತಾ ಹೋಗುತ್ತದೆ. ಜನವರಿಯಲ್ಲಿ ಲೆಕ್ಕ ಹಾಕಿದ ನಾಲ್ಕು ಗಂಟೆ ಮಾರ್ಚ್‌ಗೆ ನಾಲ್ಕೂವರೆ ಆಗುತ್ತದೆ. ಆಗಲಿ ಬಿಡಿ. 2011ರ ಬಾಸ್ಟನ್‌ನಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿಗೆ ಗೆದ್ದ. ಆ ವರ್ಷ ಬೆನ್ನ ಹಿಂದಿನಿಂದ ಗಾಳಿ ಇತ್ತು, ಒಪ್ಪೋಣ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅಲ್ಲಿ 30 ಡಿಗ್ರಿ ದಾಟಿತು. ಅದೇ ಮುಟಾಯ್ ಅರ್ಧದಲ್ಲೇ ಓಟ ಬಿಟ್ಟ. ಗೆದ್ದ ವೆಸ್ಲಿ ಕೊರಿರ್ ತಗೊಂಡದ್ದು 2 ಗಂಟೆ 12 ನಿಮಿಷ 40 ಸೆಕೆಂಡ್. ಅವನು ಮೊದಲು ಮುಂದಿನವರನ್ನು ಹೋಗಲು ಬಿಟ್ಟು, ಹಿಂದೆ ಉಳಿದು, ಕೊನೆಯಲ್ಲಿ ಒಬ್ಬೊಬ್ಬರನ್ನೇ ದಾಟಿದ. ಜಗತ್ತಿನ ದೊಡ್ಡ ಓಟಗಾರರೇ ಒಂಬತ್ತು ನಿಮಿಷ ಬಿಟ್ಟುಕೊಟ್ಟಾಗ ನಿಮ್ಮ ಅರ್ಧ ಗಂಟೆಗೆ ಯಾಕಷ್ಟು ಬೇಜಾರು?

ಈಗ ಸಂಘಟಕರ ಕಡೆ ತಿರುಗುತ್ತೇನೆ. ಇಲ್ಲಿ ನನಗೆ ನಿಜವಾಗಿ ಸಿಟ್ಟಿದೆ.

ಓಟದ ಮಾರನೇ ದಿನ ಎಲ್ಲರೂ ಒಂದೇ ಮಾತು ಹೇಳುತ್ತಾರೆ, "ಅನಿರೀಕ್ಷಿತ ಬಿಸಿಲು". ಕಲಬುರಗಿ ಸೀಮೆಯಲ್ಲಿ ಮಾರ್ಚ್ ಬಿಸಿಲು ಅನಿರೀಕ್ಷಿತವಾ? ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಸರ್ಕಾರಿ ಫೈಲಿಗೆ ಇರುವ ತಿಳಿವಳಿಕೆ ಓಟ ನಡೆಸುವವರಿಗೆ ಬೇಡವಾ? ನಾನು ಓಡಿದ ಒಂದು ಓಟದಲ್ಲಿ 5:30ಕ್ಕೆ ಶುರು ಅಂತ ಚೀಟಿಯಲ್ಲಿತ್ತು. ಮುಖ್ಯ ಅತಿಥಿ ಬರಲಿಲ್ಲ. ಜುಂಬಾ ಕುಣಿಸಿದರು. ಅತಿಥಿ ಬಂದರು. ಹಾರ, ಶಾಲು, ಎರಡು ಮಾತು ಅಂತ ಹೇಳಿ ಇಪ್ಪತ್ತು ಮಾತು. ಧ್ವಜ ಬೀಸುವಾಗ ಸೂರ್ಯ ಮೇಲೆ ಬಂದು ಅವನೂ ನೋಡುತ್ತಿದ್ದ. ಮುಂದೆ 30 ಕಿಲೋಮೀಟರ್ ಹತ್ತಿರದ ನೀರಿನ ಟೇಬಲ್‌ಗೆ ನೆರಳೇ ಇರಲಿಲ್ಲ. ಬಾಟಲಿಗಳು ಬಿಸಿಲಲ್ಲಿ ನಿಂತು ಸ್ನಾನದ ನೀರಿನ ಹಾಗೆ ಬೆಚ್ಚಗಾಗಿದ್ದವು. ಬಾಳೆಹಣ್ಣು ಕರ್ರಗೆ ಮೆತ್ತಗಾಗಿತ್ತು. ಅಲ್ಲಿದ್ದ ಹುಡುಗ ಪಾಪ, "ಕುಡೀಬ್ಯಾಡ್ರಿ ಕಾಕಾ, ತಲಿಗೆ ಹಾಕ್ಕೊಳ್ರಿ" ಅಂದ. ಇಡೀ ವ್ಯವಸ್ಥೆಯಲ್ಲಿ ತಲೆ ಓಡಿಸಿದವನು ಅವನೊಬ್ಬನೇ.

ಅರವಟ್ಟಿಗೆ ಇಡುವ ಊರು ನಮ್ಮದು. ಬೇಸಿಗೆ ಬಂದರೆ ಚಪ್ಪರ ಹಾಕಿ, ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ದಾರಿಹೋಕರಿಗೆ ನೀರು ಕೊಡುವವರು ನಾವು. ಓಟ ಅಂದ ತಕ್ಷಣ ಅದೆಲ್ಲ ಮರೆತು ಪ್ಲಾಸ್ಟಿಕ್ ಟೇಬಲ್ ಇಡುತ್ತೇವೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ನೋಡಿದ್ದೀರಲ್ಲ? ಉತ್ತರ ಕರ್ನಾಟಕದಿಂದ ಸಾವಿರಾರು ಜನ, ನೂರಾರು ಕಿಲೋಮೀಟರ್, ಇದೇ ಬಿಸಿಲು. ಅವರು ನಸುಕಿನಲ್ಲೇ ಹೊರಡುತ್ತಾರೆ, ಬಿಸಿಲೇರಿದರೆ ಗಿಡದ ಕೆಳಗೆ ಮಲಗುತ್ತಾರೆ, ಸಂಜೆ ಮತ್ತೆ ನಡೆಯುತ್ತಾರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಅಂಬಲಿ ಹಿಡಿದು ನಿಂತಿರುತ್ತಾರೆ. ಮಲ್ಲಯ್ಯನ ಭಕ್ತರು ಯಾರೂ ನಮಗೇನಾಗ್ತದ ಅಂತ ಮಟಮಟ ಮಧ್ಯಾಹ್ನ ನಡೆಯುವುದಿಲ್ಲ.

ಆದ್ದರಿಂದ ಮಾರ್ಚ್ ಓಟ ಬೆಳಗ್ಗೆ 4ಕ್ಕೆ ಶುರುವಾಗಬೇಕು. 2019ರಲ್ಲಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳಾ ಮ್ಯಾರಥಾನ್ ಮಧ್ಯರಾತ್ರಿ ಶುರು ಮಾಡಿದರೂ 68ರಲ್ಲಿ 28 ಮಂದಿ ಮುಗಿಸಲಿಲ್ಲ ಅಂತ ಯಾರಾದರೂ ವಾದ ಮಾಡಬಹುದು. ಅಲ್ಲಿ ರಾತ್ರಿಯೂ 32 ಡಿಗ್ರಿ, ಮೇಲೆ ಸಮುದ್ರದ ಒದ್ದೆ ಗಾಳಿ. ನಮ್ಮಲ್ಲಿ ಹಾಗಲ್ಲ. ಒಣ ಹವೆ ರಾತ್ರಿ ಬೇಗ ತಣಿಯುತ್ತದೆ. ಮಾರ್ಚ್ ನಸುಕಿನಲ್ಲಿ ಓಡಲು ಹಿತವಾಗಿಯೇ ಇರುತ್ತದೆ. 4ಕ್ಕೆ ಬಿಟ್ಟರೆ ಐದು ಗಂಟೆ ತಗೊಳ್ಳುವವರೂ 9ಕ್ಕೆ ಮನೆ ಸೇರುತ್ತಾರೆ. ಅತಿಥಿಗಳು ಬಹುಮಾನ ಕೊಡಲು ಬರಲಿ, ಇಡ್ಲಿ ತಿನ್ನುವ ಹೊತ್ತಿಗೆ.

ಕೊನೆಗೆ ಒಂದು ವಿಷಯ, ಇದನ್ನು ದಯವಿಟ್ಟು ಗುಂಪಿನಲ್ಲಿ ಎಲ್ಲರಿಗೂ ಹೇಳಿ. ನಿಮ್ಮ ಜೊತೆ ಓಡುವವರು ತೊದಲಿದರೆ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ, ಕಾರಣ ಇಲ್ಲದೆ ರೇಗಿದರೆ, ಎಷ್ಟನೇ ಕಿಲೋಮೀಟರ್ ಅಂದರೆ ತಪ್ಪು ಹೇಳಿದರೆ, ಸುಸ್ತು ಅಂತ ಬಿಡಬೇಡಿ. ಮೈ ಒಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ಬೆವರು ಬರುತ್ತಿದ್ದರೂ ಅದು ಸನ್‌ಸ್ಟ್ರೋಕ್ ಆಗಿರಬಹುದು. 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ಅಲ್ಲೇ ತಂಪು ಮಾಡಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮಲ್ಲಿ ರೈತರ ಮನೆಮನೆಯಲ್ಲೂ ತಾಡಪತ್ರಿ ಇರುತ್ತದೆ, ತೊಗರಿ ಒಣಗಿಸಲು. ಅವರನ್ನು ಅದರ ಮೇಲೆ ಮಲಗಿಸಿ, ಸುತ್ತ ನಾಲ್ಕು ಜನ ಅಂಚು ಎತ್ತಿ ಹಿಡಿದು, ಒಳಗೆ ನೀರು, ಐಸ್ ಸುರಿದು ಅಲುಗಾಡಿಸಿ. ತಲೆ ಮಾತ್ರ ನೀರಿನ ಮೇಲಿರಲಿ. ದೊಡ್ಡ ಓಟಗಳ ವೈದ್ಯಕೀಯ ತಂಡಗಳೂ ತಾಡಪತ್ರಿಯಲ್ಲಿ ಹೀಗೆ ತಂಪು ಮಾಡುತ್ತವೆ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸಿದರೆ ಜೀವ ಉಳಿಯುತ್ತದೆ.

ಹೆಸರು ಕೊಡುವ ಮೊದಲು ಸಂಘಟಕರಿಗೆ ಫೋನ್ ಮಾಡಿ ಕೇಳಿ. ಐಸ್ ಎಷ್ಟು ಇಡುತ್ತೀರಿ, ನೀರಿನ ಟೇಬಲ್‌ಗೆ ನೆರಳಿದೆಯಾ, ಬಿಸಿಲು ಜಾಸ್ತಿಯಾದರೆ ನಮ್ಮ ದುಡ್ಡು ಮುಂದಿನ ವರ್ಷಕ್ಕೆ ಹಾಕುತ್ತೀರಾ ಅಂತ. 2012ರಲ್ಲಿ ಬಾಸ್ಟನ್‌ನವರು ಬಿಸಿಲಿಗೆ ಹೆದರಿದವರು ಮುಂದಿನ ವರ್ಷ ಓಡಬಹುದು ಅಂತ ಬಿಟ್ಟಿದ್ದರು, ಸಾವಿರಾರು ಜನ ಆ ವರ್ಷ ಓಡಲಿಲ್ಲ. ನಾನು ಈ ಸಲ ಇದನ್ನೇ ಕೇಳಿದೆ. "ಮೊದಲು ದುಡ್ಡು ಕಟ್ರಿ ಸರ್, ಆಮ್ಯಾಲೆ ನೋಡೋಣ" ಅಂದರು. ನಾನಿನ್ನೂ ಕಟ್ಟಿಲ್ಲ.