ಒನ್ಸ್ ಮೋರ್ ಅಂದಿದ್ದು ತಪ್ಪಾ?

ನಮಸ್ಕಾರ ಸ್ನೇಹಿತರೇ. ದಾವಣಗೆರೆಯಿಂದ ನಿಮ್ಮ ಗೆಳೆಯ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದು ಹಾಗೇ ಇರಲಿ. ಭಾನುವಾರದಿಂದ ಒಂದು ಮಾತು ಎದೆಯಲ್ಲಿ ಕುದಿಯುತ್ತಾ ಇದೆ. ಅದನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಭಾನುವಾರ ಸಂಜೆ ಇಲ್ಲೇ ಊರಲ್ಲಿ ಒಂದು ನಾಟಕಕ್ಕೆ ಹೋಗಿದ್ದೆ. ಒಳ್ಳೇ ನಾಟಕ. ಮಧ್ಯದಲ್ಲಿ ತಾಯಿ ಪಾತ್ರದ ಕಲಾವಿದೆ ಒಂದು ಹಾಡು ಹೇಳಿದರು. ಮೈಕ್ ಕೈಕೊಟ್ಟಿತ್ತು. ಆದರೂ ಆ ದನಿ ಕೊನೇ ಸಾಲಿನವರೆಗೆ ಬಂತು. ನನ್ನ ಪಕ್ಕದಲ್ಲಿದ್ದ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ತಡೆಯಲು ಆಗಲಿಲ್ಲ. ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗಿದೆ. ಆಕೆ ನನ್ನ ಕಡೆ ನೋಡಿದರು. ಹಾರ್ಮೋನಿಯಂ ಮಾಸ್ತರರು ಕೈ ಎತ್ತಿರಲಿಲ್ಲ, ಶ್ರುತಿ ಹಿಡಿದೇ ಇದ್ದರು. ಅಷ್ಟರಲ್ಲಿ ಬ್ಯಾಡ್ಜ್ ಹಾಕಿಕೊಂಡ ಒಬ್ಬರು ಓಡಿ ಬಂದು ನನ್ನ ಭುಜ ಒತ್ತಿ ಕೂರಿಸಿದರು. "ಸಾರ್, ಇದು ಜಾತ್ರೆ ಅಲ್ಲ" ಅಂದರು.

ಮಾಸ್ತರರು ಕೈ ತೆಗೆದರು. ನಾಟಕ ಮುಂದಕ್ಕೆ ಹೋಯಿತು. ಆಮೇಲೆ ಕೊನೇವರೆಗೂ ಸಭೆಯಲ್ಲಿ ಒಂದು ಚಪ್ಪಾಳೆ ಇಲ್ಲ, ಒಂದು ಕೇಕೆ ಇಲ್ಲ. ಪರೀಕ್ಷೆ ಬರೆಯೋಕೆ ಕೂತ ಹಾಗೆ ಎಲ್ಲರೂ ಕೂತಿದ್ದರು.

ಜಾತ್ರೆ ಅಲ್ಲವಂತೆ! ಸ್ವಾಮಿ, ಊರೂರು ತಿರುಗಿ, ಟಿಕೆಟ್ ಇಟ್ಟು ಆಡುವ ಕನ್ನಡದ ಕಂಪನಿ ನಾಟಕ ಬೆಳೆದದ್ದೇ ಜಾತ್ರೆಯಲ್ಲಿ ಅಲ್ವಾ? ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಅಂದರೆ ನನಗೆ ಮೊದಲು ನೆನಪಾಗುವುದೇ ಕಂಪನಿಯ ತಗಡಿನ ಥಿಯೇಟರ್. ಹೊರಗೆ ಮಂಡಕ್ಕಿ, ಮಿರ್ಚಿ. ಒಳಗೆ ಮೂರನೇ ಬೆಲ್, ಪರದೆ ಹಿಂದಿನಿಂದ ನಾಂದಿ ಪದ್ಯ, ಅಂದರೆ ನಾಟಕ ಶುರುವಾಗುವ ಮೊದಲಿನ ಪ್ರಾರ್ಥನೆ ಹಾಡು. ಆ ತಗಡಿನ ಕೆಳಗೆ ಯಾರಾದರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರಾ? ನಾನು ಹೇಳುವುದು ಇಷ್ಟೇ. ನಾಟಕದಲ್ಲಿ ಪ್ರೇಕ್ಷಕನಿಗೂ ಪಾಲಿದೆ. ಅವನ ಬಾಯಿ ಮುಚ್ಚಿಸಿದರೆ ಅರ್ಧ ನಾಟಕವನ್ನೇ ಮುಚ್ಚಿದ ಹಾಗೆ.

ಒನ್ಸ್ ಮೋರ್ ಅಂದರೆ ಸುಮ್ನೆ ಗಲಾಟೆ ಅಂದುಕೊಂಡಿದ್ದಾರೆ. ಅದರ ಹಿಂದೆ ಎಷ್ಟು ಕೆಲಸ ಇದೆ ಗೊತ್ತಾ? ಹಾಡು ಮುಗಿಯುವ ಹೊತ್ತಿಗೆ ಹಾರ್ಮೋನಿಯಂ ಮಾಸ್ತರರ ಒಂದು ಕಿವಿ ರಂಗದ ಕಡೆ, ಇನ್ನೊಂದು ಕಿವಿ ಜನರ ಕಡೆ ಇರುತ್ತದೆ. ಕೂಗು ಬಂದರೆ ಶ್ರುತಿ ಬಿಡುವುದಿಲ್ಲ. ತಬಲಾದವರು ಒಂದು ಸಣ್ಣ ಮುಕ್ತಾಯ ಕೊಟ್ಟು ಮತ್ತೆ ಠೇಕಾ, ಅಂದರೆ ಹಾಡಿನ ತಾಳ, ಹಿಡಿಯುತ್ತಾರೆ. ಎದುರಿಗೆ ನಿಂತ ನಟ ಹಾಡಿಗೆ ಮೊದಲಿನ ಮಾತನ್ನು ಇನ್ನೊಮ್ಮೆ ಎತ್ತಿಕೊಡುತ್ತಾನೆ. ಹಾಡುವವರು ಎರಡನೇ ಸಲ ಅದೇ ಹಾಡನ್ನು ಹಾಗೇ ಹಾಡುವುದಿಲ್ಲ. ಒಂದು ಸಾಲನ್ನು ಎಳೆಯುತ್ತಾರೆ, ಒಂದು ಕಡೆ ತಡೆದು ನಿಲ್ಲಿಸುತ್ತಾರೆ. ಆ ಎರಡನೇ ಹಾಡು ಪುಸ್ತಕದಲ್ಲಿ ಇಲ್ಲ, ರಿಹರ್ಸಲ್‌ನಲ್ಲೂ ಇರಲಿಲ್ಲ. ಅದನ್ನು ಹುಟ್ಟಿಸಿದ್ದು ಯಾರು? ಕೂತ ಜನ!

ಹಾಸ್ಯ ಪಾತ್ರದವರನ್ನೇ ನೋಡಿ. ಬೇರೆ ಊರಿಂದ ಬಂದ ಕಂಪನಿ. ಸೀನ್‌ನಲ್ಲಿ ಆಳು ತಡವಾಗಿ ಬರಬೇಕು. ಯಾಕೋ ತಡ ಅಂತ ಯಜಮಾನ ಕೇಳುತ್ತಾನೆ. "ಅಶೋಕ ರೋಡ್ ರೈಲ್ವೆ ಗೇಟ್ ಬಿದ್ದಿತ್ತು ಯಜಮಾನ್ರೇ!" ಬಿತ್ತು ನೋಡಿ ಶಿಳ್ಳೆ. ಆ ಗೇಟಿನಲ್ಲಿ ಕಾದು ಕಾದು ಸಾಕಾಗಿದ್ದ ಊರು ನಮ್ಮದು. ಎದ್ದು ಎದ್ದು ನಕ್ಕಿತು. ಆ ಶಿಳ್ಳೆ ಕೇಳಿದ ಮೇಲೆ ಆ ಮನುಷ್ಯ ಮುಂದಿನ ಅರ್ಧ ಗಂಟೆ ರಂಗದ ಮೇಲೆ ಹಾರಾಡಿಬಿಟ್ಟ. ಶಿಳ್ಳೆ ಹೊಡೆಯಬೇಡಿ ಅಂತ ಬೋರ್ಡ್ ಹಾಕಿದ್ದರೆ ಅವನು ಏನು ಮಾಡಬೇಕಿತ್ತು ಹೇಳಿ?

ಇದು ಚಿಂದೋಡಿ ಲೀಲಾ ಅವರ ಊರು ಕಣ್ರೀ. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಅವರ 'ಪೊಲೀಸನ ಮಗಳು' ನಾಟಕದ ಹೆಸರು ಎತ್ತಿದರೆ ಇವತ್ತಿಗೂ ನಮ್ಮ ಮನೆಯ ಹಿರಿಯರ ಮುಖ ಅರಳುತ್ತದೆ. ಪದ್ಮಶ್ರೀ ಬಂದ ಕಲಾವಿದೆ. ಅವರನ್ನು ಬೆಳೆಸಿದ್ದು ಟಿಕೆಟ್ ತೆಗೆದುಕೊಂಡು ಬಂದು ಗಂಟಲು ಹರಿಯುವಂತೆ ಕೂಗಿದ ಜನ. ಅವರ ಊರಲ್ಲೇ ನಿಂತು ಕೂಗಬೇಡಿ ಅಂತೀರಲ್ಲ!

ಹಾಂ, ಒಂದು ನಿಮಿಷ. ಚಾನೆಲ್‌ಗೆ ಹೊಸದಾಗಿ ಬಂದವರು ಸಬ್‌ಸ್ಕ್ರೈಬ್ ಆಗಿಬಿಡಿ. ಹೋದ ವಾರ ಕಾಲು ಹಾರ್ಮೋನಿಯಂ ರಿಪೇರಿ ಮಾಡುವ ಯಜಮಾನರೊಬ್ಬರ ಜೊತೆ ಮಾತಾಡಿದ ವಿಡಿಯೋ ಹಾಕಿದ್ದೇನೆ. ನಲವತ್ತು ನಿಮಿಷ ಇದೆ, ಪೂರ್ತಿ ನೋಡಿ. ಅದನ್ನು ಎಡಿಟ್ ಮಾಡಲು ನಾನು ಮೂರು ರಾತ್ರಿ ಕೂತಿದ್ದೇನೆ.

ಈಗ ಕೆಲವರು ಹೇಳುತ್ತಾರೆ: "ಅದೆಲ್ಲ ಕಂಪನಿ ನಾಟಕಕ್ಕೆ ಸರಿ, ಹೊಸ ನಾಟಕಕ್ಕೆ ಮೌನ ಬೇಕು." ಹೌದಾ? ಹೊಸ ನಾಟಕಕ್ಕೆ ಹಾಡು ತುಂಬಿದವರು ಯಾರು? ಬಿ.ವಿ. ಕಾರಂತರು. ಅವರು ಎಲ್ಲಿಂದ ಬಂದರು? ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನ. 1884ರಲ್ಲಿ ಶುರುವಾದ ಕಂಪನಿ ಅದು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದ್ದೂ ಅದೇ ಕಾರಂತರು. ಹಾಗಾದರೆ ಇದು ಒಂದೇ ಮನೆ. ಮಧ್ಯೆ ಗೋಡೆ ಎಬ್ಬಿಸಿದ್ದು ನೀವು.

ಮೌನದ ಮಾತು ಬಂತಲ್ಲ, ಸಾಣೇಹಳ್ಳಿಗೆ ಹೋಗಿ ನೋಡಿ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕು. ಪಂಡಿತಾರಾಧ್ಯ ಸ್ವಾಮೀಜಿಯವರ ಮಠ. 1997ರಿಂದ ಅಲ್ಲಿನ ಶಿವಸಂಚಾರ ತಂಡ ಊರೂರು ತಿರುಗಿ ನಾಟಕ ಆಡುತ್ತಿದೆ. ನವೆಂಬರ್ ಮೊದಲ ವಾರ ನಾಟಕೋತ್ಸವ. ಬಯಲು ರಂಗಮಂದಿರ, ಮೆಟ್ಟಿಲ ಮೇಲೆ ಜನ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು, ಮಕ್ಕಳು, ಹೊಲದ ಕೆಲಸ ಮುಗಿಸಿ ಬಂದವರು. ನಾನು ಅಲ್ಲಿ ಕೂತು ನೋಡಿದ್ದೇನೆ. ಉಸಿರು ಬಿಗಿ ಹಿಡಿಯುವ ಸೀನ್ ಬಂದರೆ ತೊಡೆಯ ಮೇಲಿನ ಮಗುವಿನ ಕೆಮ್ಮು ಕೂಡ ಕೇಳುತ್ತದೆ. ನಗುವ ಸೀನ್ ಬಂದರೆ ಆ ಬಯಲೇ ನಗುತ್ತದೆ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೂಗಬೇಕು ಅಂತ ಅವರಿಗೆ ಬ್ಯಾಡ್ಜ್ ಹಾಕಿಕೊಂಡವರು ಬಂದು ಕಲಿಸಿಲ್ಲ. ಜನಕ್ಕೆ ಗೊತ್ತಾಗುತ್ತದೆ ರೀ!

ಇನ್ನೊಂದು ವಾದ, ನಟರ ಏಕಾಗ್ರತೆ ಹಾಳಾಗುತ್ತದೆ ಅಂತ. ನಾನೂ ಬಣ್ಣ ಹಚ್ಚಿದವನು. ನಮ್ಮ ಅಮ್ಮನ ಊರಿನ ಜಾತ್ರೆಯಲ್ಲಿ ಸಾಮಾಜಿಕ ನಾಟಕ, ನನ್ನದು ಊರಗೌಡನ ಪಾತ್ರ. ಎರಡು ತಿಂಗಳು ರಿಹರ್ಸಲ್. ಪರದೆ ಎದ್ದಾಗ ಕಣ್ಣಿಗೆ ಲೈಟ್ ಬಿಟ್ಟರೆ ಏನೂ ಕಾಣುವುದಿಲ್ಲ. ಮುಂದೆ ಬರೀ ಕತ್ತಲು. ಮೊದಲ ಮಾತು ಹೇಳಿದೆ. ಕತ್ತಲಲ್ಲಿ ಏನೂ ಇಲ್ಲ. ಮೀಸೆಗೆ ಹಚ್ಚಿದ ಗಮ್ ಬೆವರಿಗೆ ಚುರುಗುಟ್ಟುತ್ತಿತ್ತು. ಎರಡನೇ ಮಾತಿಗೆ ಎಡಗಡೆಯಿಂದ ಯಾರೋ "ಭಲೇ ಗೌಡ!" ಅಂದರು. ಅಷ್ಟೇ. ಎದೆಗೆ ಉಸಿರು ಬಂತು. ಇವತ್ತಿಗೂ ಆ ದನಿ ಯಾರದು ಅಂತ ಗೊತ್ತಿಲ್ಲ. ಆ ರಾತ್ರಿ ನನ್ನನ್ನು ಗೌಡನನ್ನಾಗಿ ಮಾಡಿದ್ದು ಆ ದನಿ. ಅದಾದ ಮೇಲೆ ನಾನು ಯಾವ ನಾಟಕಕ್ಕೆ ಹೋದರೂ ಸುಮ್ಮನೆ ಕೂತಿಲ್ಲ. ರಂಗದ ಮೇಲಿರುವವರಿಗೆ ನಾವು ಕಾಣುವುದಿಲ್ಲ. ಕೇಳಿಸಬೇಕು!

"ಹಾಗಾದರೆ ಫೋನ್ ರಿಂಗ್ ಆದರೂ ಸರಿಯಾ?" ಅಂತ ಕೇಳ್ತಾರೆ. ಇದೆಂಥ ಪ್ರಶ್ನೆ? ಫೋನ್‌ನಲ್ಲಿ ಮಾತಾಡುವವನು ಹೊರಗಿನವರ ಜೊತೆ ಮಾತಾಡುತ್ತಾನೆ. ಶಿಳ್ಳೆ ಹೊಡೆಯುವವನು ನಟನ ಜೊತೆ ಮಾತಾಡುತ್ತಾನೆ. ಎರಡೂ ಒಂದೇನಾ? ಕುಡಿದು ಬಂದು ಕೆಟ್ಟ ಮಾತಾಡುವವನನ್ನು ಎತ್ತಿ ಹೊರಗೆ ಹಾಕಿ, ನಾನೂ ಕೈ ಹಾಕುತ್ತೇನೆ. ಅವನೊಬ್ಬನ ನೆಪದಲ್ಲಿ ಐನೂರು ಜನರ ಬಾಯಿ ಹೊಲಿಯಬೇಡಿ.

ಮನೆಯಲ್ಲಿ ಟಿವಿ ಇದೆ, ಕೈಯಲ್ಲಿ ಮೊಬೈಲ್ ಇದೆ. ಅಲ್ಲಿ ನೀವು ಎಷ್ಟು ಕೂಗಿದರೂ ಹಾಡಿದವರು ತಿರುಗಿ ನೋಡುವುದಿಲ್ಲ. ನಾಟಕದಲ್ಲಿ ನೋಡುತ್ತಾರೆ! ಭಾನುವಾರ ಆಕೆ ನನ್ನ ಕಡೆ ನೋಡಿದರು ಅಂದೆನಲ್ಲ, ಆ ಕಣ್ಣು ಹಾಡಲು ತಯಾರಾಗಿತ್ತು. ಮಾಸ್ತರರ ಕೈ ತಯಾರಿತ್ತು. ಆ ಅಜ್ಜ ಟವೆಲ್ ಹಿಡಿದು ಕಾಯುತ್ತಿದ್ದರು. ಆ ಎರಡನೇ ಹಾಡನ್ನು ತಡೆದರಲ್ಲ, ಅದೇ ನನಗೆ ಹೊಟ್ಟೆ ಉರಿ. ಕೂಗಬೇಕು ರೀ. ಕೂಗಲೇಬೇಕು. ನನ್ನ ಹತ್ತಿರ ಇನ್ನು ಬೇರೆ ಕಾರಣ ಇಲ್ಲ, ಬೇಕಾಗೂ ಇಲ್ಲ.

ಅದೇ ತಂಡ ಮುಂದಿನ ಭಾನುವಾರ ಮತ್ತೆ ಆಡುತ್ತದೆ. ನಾನು ಹತ್ತು ಟಿಕೆಟ್ ದುಡ್ಡು ಕೊಟ್ಟು ತೆಗೆದಿಟ್ಟಿದ್ದೇನೆ. ಬರುವವರು ಕೆಳಗೆ ಹೆಸರು ಬರೆಯಿರಿ. ಪಕ್ಕದಲ್ಲಿ ಕೂತಿದ್ದ ಆ ಅಜ್ಜನಿಗೂ ಹೇಳಿದ್ದೇನೆ. "ನನಗೆ ಎದ್ದು ನಿಲ್ಲೋಕೆ ಆಗಲ್ಲ ಮಗಾ, ನೀನು ನಿಲ್ಲು, ನಾನು ಕೂತೇ ಕೂಗ್ತೀನಿ" ಅಂದಿದ್ದಾರೆ.