ಚಾರ್ಜ್ ಪಟ್ಟಿಯಲ್ಲಿ ಬರೆಯದೇ ಉಳಿದದ್ದು

ಕೇಳುಗರೇ, ನಮಸ್ಕಾರ.

ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ ಚಾರ್ಜ್ ಕೊಟ್ಟು ಹೋಗುತ್ತಾರೆ, ಅಲ್ವಾ? ಬೀರುವಿನ ಬೀಗದ ಕೈ ಎರಡು, ಕಡತ ಇಷ್ಟು, ರಿಜಿಸ್ಟರ್ ಇಷ್ಟು ಅಂತ ಪಟ್ಟಿ. ಇಬ್ಬರ ಸಹಿ. ಆಮೇಲೆ ಹಾರ, ಶಾಲು, ಗ್ರೂಪ್ ಫೋಟೊ. ಮೂವತ್ತು ವರ್ಷ ತಲೆಯಲ್ಲಿ ಕೂಡಿಟ್ಟದ್ದು ಅವರ ಜತೆಗೇ ಮನೆಗೆ ಹೋಗುತ್ತದೆ.

ನಾನಿದ್ದ ಕಡೆ ಹಿರಿಯ ಗುಮಾಸ್ತರೊಬ್ಬರಿದ್ದರು. ಎಷ್ಟೇ ಹಳೇ ಕಡತ ಕೇಳಿ, ಐದು ನಿಮಿಷದಲ್ಲಿ ತಂದಿಡುತ್ತಿದ್ದರು. ಅವರು ಹೋದ ಮೇಲೆ ಒಂದೇ ಒಂದು ಕಡತಕ್ಕಾಗಿ ಮೂರು ದಿನ ಧೂಳು ಕುಡಿದೆವು. ಕೊನೆಗೆ ಫೋನ್ ಮಾಡಿದೆವು. "ಒಂದು ವರ್ಷ ಮಳೆನೀರು ನುಗ್ಗಿತ್ತು ಕಣಪ್ಪ. ಕೆಳಗಿನ ಸಾಲಿನ ಕಟ್ಟುಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದೆ" ಎಂದರು. ಹತ್ತಿ ನೋಡಿದರೆ ಕೆಂಪು ಬಟ್ಟೆಯ ಕಟ್ಟು ಅಲ್ಲೇ ಇತ್ತು.

ಈ ಪಾಡು ನಮ್ಮೊಬ್ಬರದೇ ಅಲ್ಲ. ನಕಲು ಪ್ರತಿಗೇ ನಾವು ಜೆರಾಕ್ಸ್ ಅನ್ನುತ್ತೇವಲ್ಲ, ಆ ಅಮೆರಿಕನ್ ಕಂಪನಿಯ ಮಾತು ಕೇಳಿ. 1980ರ ದಶಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿನ ರಿಪೇರಿಯವರ ಜತೆ ಓಡಾಡಿದರು. ಕಂಪನಿ ಕೈಪಿಡಿ ಕೊಟ್ಟಿತ್ತು. ಆದರೆ ಯಂತ್ರಗಳು ಕೈಪಿಡಿ ಓದಿಕೊಂಡು ಕೆಡುತ್ತವೆಯೇ? ತಿಂಡಿಗೆ, ಊಟಕ್ಕೆ ಕೂತಾಗ ಒಬ್ಬರು ತಮ್ಮನ್ನು ಕಾಡಿದ ಯಂತ್ರದ ಕಥೆ ತೆಗೆಯುತ್ತಿದ್ದರು. ಇನ್ನೊಬ್ಬರು ತಮ್ಮ ಅನುಭವ ಸೇರಿಸುತ್ತಿದ್ದರು. ನೋಡಿದವರಿಗೆ ಸುಮ್ನೆ ಹರಟೆ. ಕಷ್ಟದ ರಿಪೇರಿ ಕಲಿತದ್ದು ಮಾತ್ರ ಅಲ್ಲೇ.

1990ರ ದಶಕದಲ್ಲಿ ಅದೇ ಕಂಪನಿ ಯುರೇಕಾ ಎಂಬ ಏರ್ಪಾಡು ಮಾಡಿತು. ಒಬ್ಬ ತಂತ್ರಜ್ಞ ತಾನು ಕಂಡುಕೊಂಡ ಉಪಾಯ ಬರೆದು ಕಳಿಸಬೇಕು. ಅದೇ ಕೆಲಸದಲ್ಲಿ ಪಳಗಿದವರು ಅದನ್ನು ಪರೀಕ್ಷಿಸಬೇಕು. ಸರಿ ಎನಿಸಿದರೆ ಎಲ್ಲರಿಗೂ ಸಿಗುತ್ತದೆ, ಬರೆದವರ ಹೆಸರಿನ ಸಮೇತ. ನನಗೆ ತುಂಬ ಹಿಡಿಸಿದ್ದು ಆ ಹೆಸರು. ಹಣಕ್ಕಿಂತ ಅದೇ ಅವರಿಗೆ ಜಾಸ್ತಿ ಬೇಕಾಗಿತ್ತು. ತಿಳಿದದ್ದನ್ನು ಬಚ್ಚಿಡುವ ಜನರನ್ನು ನಾವು ಬೈಯುತ್ತೇವೆ. ಹೇಳಿದಾಗ ಅವರ ಹೆಸರು ಹಿಡಿದು ನೆನೆಯುತ್ತೇವೆಯೇ?

ನಾವು ಆ ಗುಮಾಸ್ತರನ್ನು ಮತ್ತೆ ಕರೆದೆವು. ಎರಡು ದಿನ ಬಂದು ರೆಕಾರ್ಡ್ ರೂಮಿನ ಒಂದೊಂದು ಸಾಲಿನ ಕಥೆ ಹೇಳಿದರು. ಹೊಸದಾಗಿ ಸೇರಿದ ಹುಡುಗಿ ಕೂತು ಬರೆದುಕೊಂಡಳು. ಆ ನೋಟ್‌ಬುಕ್ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಮೊದಲ ಪುಟದಲ್ಲಿ ಅವರ ಹೆಸರಿದೆ. ಕೊನೆಯ ಪುಟಗಳಲ್ಲಿ ಬೇರೆ ಬೇರೆ ಕೈಬರಹ ಶುರುವಾಗಿದೆ.

ನಮಸ್ಕಾರ.